ಋಣವಿಲ್ಲದ ನೇಮಕಾತಿ: ದಿವಂಗತ ಎಚ್.ಜಿ. ಗೋವಿಂದೇಗೌಡರ ಸ್ಮರಣೆ

ಮಲ್ಲಂದೂರಿನ ಸುತ್ತಲ ಕಾಫಿ ತೋಟಗಳಲ್ಲಿ ದುಡಿಯುವ ಕುಟುಂಬಗಳಿಗೆ ಸ್ವಂತ ಭೂಮಿಯಿಲ್ಲ, ಪೇಟೆಯಲ್ಲಿ ಪರಿಚಯವಿಲ್ಲ. ಅವರ ಮಕ್ಕಳಿಗೆ ಬದುಕಿನ ಮತ್ತೊಂದು ದಾರಿ ತೆರೆಯುವುದಿದ್ದರೆ ಅದು ಊರಿನ ಸರ್ಕಾರಿ ಶಾಲೆಯಿಂದಲೇ. ಆ ಶಾಲೆಗೆ ಗೋಡೆ, ಹೆಂಚು, ಕರಿಹಲಗೆ ಇದ್ದರೆ ಸಾಲದು, ಶಿಕ್ಷಕರು ಬೇಕು. ಒಬ್ಬರೇ ಶಿಕ್ಷಕರು ನಾಲ್ಕು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಏಕೋಪಾಧ್ಯಾಯ ಶಾಲೆಗಳ ಕಷ್ಟವನ್ನು ಮಲೆನಾಡಿನ ಹಿರಿಯರು ಚೆನ್ನಾಗಿ ಬಲ್ಲರು. ಈ ಕೊರತೆಯನ್ನು ನೀಗಿಸಲು ಶ್ರಮಿಸಿದವರು ನಮ್ಮದೇ ಜಿಲ್ಲೆಯ ಕೊಪ್ಪದ ಎಚ್.ಜಿ. ಗೋವಿಂದೇಗೌಡರು.

1994ರ ಚುನಾವಣೆಯಲ್ಲಿ ಶೃಂಗೇರಿ ಕ್ಷೇತ್ರದಿಂದ ಆಯ್ಕೆಯಾದ ಅವರು, ಎಚ್.ಡಿ. ದೇವೇಗೌಡರ ನೇತೃತ್ವದ ಜನತಾದಳ ಸರ್ಕಾರದಲ್ಲಿ ಶಿಕ್ಷಣ ಸಚಿವರಾದರು. 1996ರಲ್ಲಿ ದೇವೇಗೌಡರು ಪ್ರಧಾನಿಯಾದ ಬಳಿಕ ಜೆ.ಎಚ್. ಪಟೇಲರ ಸಂಪುಟದಲ್ಲಿಯೂ ಅದೇ ಹೊಣೆಯನ್ನು ಹೊತ್ತರು. ಆಗಿನ ಸ್ಥಿತಿ ಹೇಗಿತ್ತು? 1991ರ ಜನಗಣತಿಯಂತೆ ಕರ್ನಾಟಕದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 56 ಮಂದಿ. ಮಹಿಳೆಯರಲ್ಲಿ 44 ಮಾತ್ರ. ಹದಿನಾಲ್ಕು ವರ್ಷದವರೆಗಿನ ಶಿಕ್ಷಣವು ಮಕ್ಕಳ ಹಕ್ಕೆಂದು ಸುಪ್ರೀಂ ಕೋರ್ಟು 1993ರಲ್ಲಿ ಸಾರಿತ್ತು. ಆದರೆ ಶಿಕ್ಷಕರಿಲ್ಲದ ಶಾಲೆಯಲ್ಲಿ ಹಕ್ಕು ಕಾಗದದ ಮೇಲಿನ ಮಾತಾಗಿಯೇ ಉಳಿಯುತ್ತದೆ.

ಗೋವಿಂದೇಗೌಡರ ಅವಧಿಯಲ್ಲಿ ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕಾತಿ ನಡೆಯಿತು. ಸಂಖ್ಯೆ ದೊಡ್ಡದು. ಆದರೆ ನಾಡು ಇಂದಿಗೂ ನೆನೆಯುವುದು ಆ ಸಂಖ್ಯೆಗಿಂತ ಹೆಚ್ಚಾಗಿ ನೇಮಕಾತಿ ನಡೆದ ಬಗೆಯನ್ನು. ಲಂಚಕ್ಕೂ ಶಿಫಾರಸಿಗೂ ಎಡೆಗೊಡದೆ, ಅರ್ಹತೆಯನ್ನೇ ಆಧಾರವಾಗಿಟ್ಟು ಅವರು ಹುದ್ದೆಗಳನ್ನು ತುಂಬಿದರು.

ಇದು ಹೇಳಿದಷ್ಟು ಸುಲಭದ ಕಾರ್ಯವಲ್ಲ. ರಾಜಕಾರಣಿಯ ಮನೆಯ ಜಗಲಿಯಲ್ಲಿ ಬೆಳಗಿನಿಂದ ಕಾಯುವವರಲ್ಲಿ ಹೆಚ್ಚಿನವರು ಮಗನಿಗೋ ಮಗಳಿಗೋ ನೌಕರಿ ಕೇಳಲು ಬಂದವರೇ. ಅವರಲ್ಲಿ ಬಂಧುಗಳಿರುತ್ತಾರೆ, ಚುನಾವಣೆಯಲ್ಲಿ ಹಗಲಿರುಳು ದುಡಿದವರಿರುತ್ತಾರೆ. ಅವರ ಬೇಡಿಕೆ ಅನ್ಯಾಯವೆಂದು ಅವರಿಗೆ ತೋರುವುದಿಲ್ಲ. ನಮ್ಮವರೇ ನಮಗಾಗದಿದ್ದರೆ ಇನ್ನಾರು ಎಂದು ಕೇಳುತ್ತಾರೆ. ನಿಯಮವನ್ನು ಎತ್ತಿ ಹಿಡಿಯುವವನು ಮೊದಲು ಕಟ್ಟಿಹಾಕುವುದು ತನ್ನ ಕೈಗಳನ್ನೇ. ಉಪಕಾರ ಮಾಡಿ ಜನರನ್ನು ಋಣದಲ್ಲಿರಿಸುವ ಅವಕಾಶವನ್ನು ಅವನು ಬಿಟ್ಟುಕೊಡಬೇಕು. ಅಧಿಕಾರವು ಒಡೆತನವಲ್ಲ, ಉಗ್ರಾಣಿಕೆ ಎಂದು ಬಗೆದವನಿಗೆ ಮಾತ್ರ ಇದು ಸಾಧ್ಯ.

ಇದರ ಫಲ ಯಾರಿಗೆ ದೊರೆಯಿತು? ಹಣವೂ ಪ್ರಭಾವವೂ ಇಲ್ಲದ ಮನೆಯ, ಆದರೆ ಕಷ್ಟಪಟ್ಟು ಓದಿದ ಮಕ್ಕಳಿಗೆ. ಲಂಚ ಕೊಟ್ಟು ನೌಕರಿ ಪಡೆದವನು ಸಾಲಗಾರನಾಗಿಯೇ ತರಗತಿಯನ್ನು ಪ್ರವೇಶಿಸುತ್ತಾನೆ. ಯಾರ ಋಣವೂ ಇಲ್ಲದೆ ಬಂದ ಶಿಕ್ಷಕನಾದರೋ ಮಕ್ಕಳಿಗೆ ಮಾತ್ರ ಋಣಿ. 2001ರ ಜನಗಣತಿಯ ಹೊತ್ತಿಗೆ ರಾಜ್ಯದ ಸಾಕ್ಷರತೆ ನೂರಕ್ಕೆ 67ರ ಸಮೀಪಕ್ಕೆ, ಮಹಿಳೆಯರ ಸಾಕ್ಷರತೆ 57ರ ಸಮೀಪಕ್ಕೆ ಏರಿತ್ತು. ಈ ಏರಿಕೆಗೆ ಸಾಕ್ಷರತಾ ಆಂದೋಲನವೂ ಸೇರಿದಂತೆ ಅನೇಕ ಕಾರಣಗಳಿವೆ. ಒಬ್ಬ ವ್ಯಕ್ತಿಗೆ ಎಲ್ಲವನ್ನೂ ಸಲ್ಲಿಸುವುದು ಸರಿಯಲ್ಲ. ಆದರೂ ಹಳ್ಳಿ ಹಳ್ಳಿಗೆ ಹೋದ ಆ ಶಿಕ್ಷಕರ ಪಾಲನ್ನು ಮರೆಯಲಾಗದು.

ಗೋವಿಂದೇಗೌಡರು 2016ರ ಜನವರಿಯಲ್ಲಿ ಕೊಪ್ಪದಲ್ಲಿ ತೀರಿಕೊಂಡರು. ಅಲ್ಲಿಂದ ಆರು ವರ್ಷಗಳಾದ ಮೇಲೆ, 2022ರಲ್ಲಿ, ಹಿಂದಿನ ದಶಕದ ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಅಕ್ರಮ ನಡೆದಿದೆಯೆಂದು ಸಿಐಡಿ ತನಿಖೆ ನಡೆದು ಬಂಧನಗಳಾದವು. ಒಬ್ಬ ಸಚಿವರ ಪ್ರಾಮಾಣಿಕತೆ ಅವರೊಂದಿಗೇ ಮುಗಿದುಹೋಗಬಾರದು. ಅದು ವ್ಯವಸ್ಥೆಯ ಸ್ವಭಾವವಾಗಬೇಕು. ಹಾಗಾಗಲು ಆಳುವವರು ಬದಲಾದರಷ್ಟೇ ಸಾಲದು. ಶಿಫಾರಸು ಪತ್ರ ಹಿಡಿದು ಜಗಲಿಯಲ್ಲಿ ಕಾಯುವ ನಾವೂ ಬದಲಾಗಬೇಕಲ್ಲವೇ?

ಅಂದು ನೇಮಕಗೊಂಡ ತರುಣ ಶಿಕ್ಷಕರ ಕೂದಲು ಇಂದು ನರೆತಿದೆ. ಹಲವರು ನಿವೃತ್ತರಾಗಿದ್ದಾರೆ, ಉಳಿದವರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವರಿಂದ ಅಕ್ಷರ ಕಲಿತವರ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. ಗೋವಿಂದೇಗೌಡರಿಗೆ ಬೇರೆ ಸ್ಮಾರಕವೇಕೆ? ನಮ್ಮೂರಿನ ಶಾಲೆಗೆ ಅರ್ಹರಾದ ಶಿಕ್ಷಕರು ಯಾರ ಕಾಲನ್ನೂ ಹಿಡಿಯದೆ ಬರುವಂತಾದರೆ ಅದೇ ಅವರಿಗೆ ಸಲ್ಲುವ ಗೌರವ.