ಹಲ್ಕ್: ಕ್ಷೌರದ ಕತ್ತಿಯೂ ತಲೆಯ ಚರ್ಮವೂ

ಹಜ್ಜ್ ಮತ್ತು ಉಮ್ರಾ ಮುಗಿಸಿ ಊರಿಗೆ ಮರಳಿದ ನಮ್ಮ ಸಹೋದರರನ್ನು ಮುಸಾಫಹ ಮಾಡಿ ಬರಮಾಡಿಕೊಳ್ಳುವಾಗ ಅವರ ಬೋಳಿಸಿದ ತಲೆಯ ಮೇಲೆ ನಮ್ಮ ಕಣ್ಣು ಬೀಳುವುದು ಸಹಜ. ಕೆಲವರ ನೆತ್ತಿ ನುಣುಪಾಗಿರುತ್ತದೆ. ಇನ್ನು ಕೆಲವರ ನೆತ್ತಿಯ ತುಂಬ ಕೆಂಪು ಗುಳ್ಳೆಗಳು, ಒಣಗಿದ ಗೀರುಗಳು, ಬಿಸಿಲಿಗೆ ಸುಲಿದ ಚರ್ಮ. ಏನಾಯಿತೆಂದು ವಿಚಾರಿಸಿದರೆ, ಮಿನಾದ ನೂಕುನುಗ್ಗಲಿನಲ್ಲಿ ಹೀಗೆಲ್ಲ ಆಗುವುದೇ, ನೋವಿಗೂ ಸವಾಬ್ ಇದೆಯಲ್ಲ ಎಂಬ ಉತ್ತರ ದೊರೆಯುತ್ತದೆ. ಬಂದ ನೋವನ್ನು ಸಹಿಸಿದವರಿಗೆ ಪ್ರತಿಫಲವಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ತಪ್ಪಿಸಬಹುದಾದ ನೋವನ್ನು ಇಬಾದತ್ತಿನ ಅಂಗವೆಂದು ತಿಳಿಯುವುದು ಬೇರೆಯೇ ಮಾತು. ಹಲ್ಕ್ ಅಂದರೆ ತಲೆ ಬೋಳಿಸುವ ಕರ್ಮದ ಚರಿತ್ರೆಯನ್ನು ಆರಂಭದಿಂದ ಓದಿದವರಿಗೆ ಅಲ್ಲಿ ಕೂದಲಿನಷ್ಟೇ ಚರ್ಮದ ಬಗೆಗೂ ಕಾಳಜಿ ಕಾಣಸಿಗುತ್ತದೆ.

ಹಿಜ್ರಿ 6ನೇ ವರ್ಷ, ಕ್ರಿ.ಶ. 628. ಪ್ರವಾದಿ(ಸ)ರವರು ಸುಮಾರು 1400 ಮಂದಿ ಸಹಾಬಿಗಳೊಂದಿಗೆ ಉಮ್ರಾದ ಇಹ್ರಾಮ್ ಧರಿಸಿ ಮಕ್ಕಾದತ್ತ ಹೊರಟು ಹುದೈಬಿಯಾದಲ್ಲಿ ತಡೆಯಲ್ಪಟ್ಟಿದ್ದರು. ಇಹ್ರಾಮಿನಲ್ಲಿರುವವರು ಕೂದಲು ತೆಗೆಯುವಂತಿಲ್ಲ, ಎಣ್ಣೆ ಸುಗಂಧಗಳನ್ನು ಹಚ್ಚುವಂತಿಲ್ಲ. ಆ ಗುಂಪಿನಲ್ಲಿ ಕಅಬ್ ಬಿನ್ ಉಜ್ರಾ(ರ) ಎಂಬ ಅನ್ಸಾರಿ ಸಹಾಬಿ ಪಾತ್ರೆಯ ಕೆಳಗೆ ಬೆಂಕಿ ಹೊತ್ತಿಸುತ್ತ ಕುಳಿತಿದ್ದರು. ಅವರ ತಲೆಯಿಂದ ಹೇನುಗಳು ಮುಖದ ಮೇಲೆ ಉದುರುತ್ತಿದ್ದವು. ಅದನ್ನು ಕಂಡ ಪ್ರವಾದಿ(ಸ)ರವರು, ಅವು ನಿಮಗೆ ತೊಂದರೆ ಕೊಡುತ್ತಿವೆಯೇ ಎಂದು ವಿಚಾರಿಸಿದರು. ಹೌದೆಂದಾಗ ತಲೆ ಬೋಳಿಸಿಕೊಳ್ಳುವಂತೆ ಹೇಳಿ, ಅದಕ್ಕೆ ಪರಿಹಾರವಾಗಿ ಮೂರು ದಿನ ಉಪವಾಸ, ಅಥವಾ ಆರು ಮಂದಿ ಬಡವರಿಗೆ ಆಹಾರ, ಅಥವಾ ಒಂದು ಆಡಿನ ಬಲಿ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಅನುಮತಿಸಿದರು. ಸೂರಾ ಅಲ್ ಬಕರದ 196ನೇ ಆಯತಿನಲ್ಲಿ ಈ ರಿಯಾಯಿತಿ ಇದೆ.

ಮದ್ರಸದಲ್ಲಿ ಈ ಪಾಠ ನಡೆಯುವಾಗ ಹೇನು ಎಂಬ ಪದ ಕೇಳಿ ಮಕ್ಕಳು ನಗುತ್ತಾರೆ. ನಗಲಿ. ಆದರೆ ದೊಡ್ಡವರಾದ ನಾವು ಗಮನಿಸಬೇಕಾದದ್ದು ಬೇರೆಯಿದೆ. ಬಲಿಮೃಗವು ತನ್ನ ಸ್ಥಳವನ್ನು ತಲುಪುವ ಮೊದಲು ತಲೆ ಬೋಳಿಸಬಾರದೆಂಬ ನಿಷೇಧ ಯಾವ ಆಯತಿನಲ್ಲಿದೆಯೋ, ತಲೆಯಲ್ಲಿ ಬಾಧೆಯಿರುವವನಿಗೆ ವಿನಾಯಿತಿ ಇರುವುದೂ ಅದೇ ಆಯತಿನಲ್ಲಿ. ನಿಯಮ ಮೊದಲು ಬಂದು ಕರುಣೆ ಆಮೇಲೆ ಬಂದದ್ದಲ್ಲ. ತುರಿಸುವ, ಉರಿಯುವ ಒಂದು ತಲೆಯ ಸಂಕಟವು ಇಡೀ ಉಮ್ಮತ್ತಿಗೆ ಕಾನೂನಾಯಿತು.

ತಲೆಯ ರಕ್ಷಣೆಗೆ ಮುಂಚಿತವಾಗಿಯೇ ಮಾಡಿಕೊಳ್ಳುತ್ತಿದ್ದ ಏರ್ಪಾಡೂ ಒಂದಿತ್ತು. ಅದರ ಹೆಸರು ತಲ್ಬೀದ್. ಅಂಟಿನಂತಹ ವಸ್ತುವನ್ನು ಹಚ್ಚಿ ಕೂದಲನ್ನು ಒಂದಕ್ಕೊಂದು ಅಂಟಿಸಿಬಿಡುವುದು. ಧೂಳು ಸೇರದಂತೆ, ಕೂದಲು ಕೆದರದಂತೆ, ಹೇನು ಬೀಳದಂತೆ ಇದು ಕಾಯುತ್ತದೆಂದು ವಿದ್ವಾಂಸರು ವಿವರಿಸಿದ್ದಾರೆ. ವಿದಾಯ ಹಜ್ಜಿನಲ್ಲಿ ಪ್ರವಾದಿ(ಸ)ರವರೇ ತಲ್ಬೀದ್ ಮಾಡಿಕೊಂಡಿದ್ದರೆಂದು ಹಫ್ಸಾ(ರ)ರವರ ವರದಿಯಿಂದ ತಿಳಿಯುತ್ತದೆ. ಮದೀನಾದಿಂದ ಹೊರಟು ದುಲ್‌ಹಜ್ಜ್ 10ರವರೆಗೆ ಸುಮಾರು ಎರಡು ವಾರ ಬಿಸಿಲು ಧೂಳಿನಲ್ಲಿ ಇಹ್ರಾಮಿನಲ್ಲೇ ಇರಬೇಕಾದ ಯಾತ್ರಿಕನಿಗೆ ಇದು ಎಂತಹ ಉಪಕಾರವೆಂದು ಊಹಿಸಬಹುದು. ಇಂದು ವಿಮಾನದಲ್ಲಿ ಐದಾರು ಗಂಟೆಗಳಲ್ಲಿ ಜಿದ್ದಾ ತಲುಪುವ ನಮಗೆ ಆ ಪದವೇ ಮರೆತುಹೋಗಿದೆ.

ಹುದೈಬಿಯಾಕ್ಕೆ ಮರಳೋಣ. ಒಪ್ಪಂದ ಬರೆದಾದ ಮೇಲೆ, ಬಲಿ ನೀಡಿ ತಲೆ ಬೋಳಿಸಿಕೊಳ್ಳಿರೆಂದು ಪ್ರವಾದಿ(ಸ)ರವರು ಮೂರು ಬಾರಿ ಹೇಳಿದರೂ ದುಃಖದ ಭಾರದಿಂದ ಯಾರೂ ಏಳಲಿಲ್ಲ. ಆಗ ಉಮ್ಮು ಸಲಮಾ(ರ)ರವರು ಕೊಟ್ಟ ಸಲಹೆ ಪ್ರಸಿದ್ಧವಾಗಿದೆ: ಯಾರೊಂದಿಗೂ ಮಾತನಾಡದೆ ಹೋಗಿ ತಾವೇ ಬಲಿ ನೀಡಿ, ಕ್ಷೌರಿಕನನ್ನು ಕರೆಸಿ ತಲೆ ಬೋಳಿಸಿಕೊಳ್ಳಿ ಎಂದು. ಅಂದು ಕತ್ತಿ ಹಿಡಿದವರು ಖಿರಾಶ್ ಬಿನ್ ಉಮಯ್ಯಾ(ರ) ಎಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಅದನ್ನು ಕಂಡ ಸಹಾಬಿಗಳು ಎದ್ದು ಒಬ್ಬರ ತಲೆಯನ್ನೊಬ್ಬರು ಬೋಳಿಸತೊಡಗಿದರು. ಒಬ್ಬರನ್ನೊಬ್ಬರು ಕೊಂದುಬಿಡುವರೇನೋ ಎಂಬಷ್ಟು ದುಃಖ ಅವರನ್ನು ಆವರಿಸಿತ್ತೆಂದು ಬುಖಾರಿಯ ವರದಿಯಲ್ಲಿದೆ. ನಡುಗುವ ಕೈಯಲ್ಲಿ ಹರಿತವಾದ ಕತ್ತಿ! ಅಂದಿನ ತಲೆಗಳ ಮೇಲೆ ಗೀರುಗಳಾಗಿದ್ದರೆ ಅದಕ್ಕೆ ಕಾರಣ ಆ ದಿನದ ಸಂಕಟ. ಬೋಳಿಸಿಕೊಂಡವರಿಗಾಗಿ ಪ್ರವಾದಿ(ಸ)ರವರು ಪದೇ ಪದೇ ಪ್ರಾರ್ಥಿಸಿ, ಕೂದಲು ಕತ್ತರಿಸಿಕೊಂಡವರನ್ನು ಕೊನೆಯಲ್ಲಿ ಸೇರಿಸಿದರೆಂಬ ಹದೀಸ್ ನಮಗೆಲ್ಲ ತಿಳಿದದ್ದೇ.

ನಾಲ್ಕು ವರ್ಷಗಳ ನಂತರ, ಕ್ರಿ.ಶ. 632ರಲ್ಲಿ, ವಿದಾಯ ಹಜ್ಜಿನ ಚಿತ್ರ ಬೇರೆಯೇ ಆಗಿದೆ. ಮಿನಾದಲ್ಲಿ ಕಲ್ಲೆಸೆತ ಮುಗಿಸಿ, ಬಲಿ ನೀಡಿ, ಪ್ರವಾದಿ(ಸ)ರವರು ಶಾಂತವಾಗಿ ಕುಳಿತು ಕ್ಷೌರಿಕನಿಗೆ ಮೊದಲು ತಲೆಯ ಬಲಭಾಗವನ್ನು ತೋರಿಸಿದರು, ಆಮೇಲೆ ಎಡಭಾಗವನ್ನು. ಆ ಕೂದಲನ್ನು ಅಬೂ ತಲ್ಹಾ(ರ)ರವರ ಮೂಲಕ ಜನರಿಗೆ ಹಂಚಲಾಯಿತು. ಅಂದು ಕತ್ತಿ ಹಿಡಿದವರು ಮಅಮರ್ ಬಿನ್ ಅಬ್ದುಲ್ಲಾ(ರ) ಎಂಬುದು ಪ್ರಸಿದ್ಧ ಅಭಿಪ್ರಾಯ. ಅವಸರವಿಲ್ಲ, ಒಂದು ಕ್ರಮವಿದೆ. ಇಂದಿನ ಮಿನಾದಲ್ಲಿ ಎರಡು ನಿಮಿಷಕ್ಕೊಂದು ತಲೆ ಉರುಳಿಸುವ ಧಾವಂತ ಕಂಡಾಗ ನಮಗೆ ಈ ಹದೀಸ್ ನೆನಪಾಗುತ್ತದೆ.

ಹಜ್ಜಿನ ಹೊರಗೂ ಒಂದು ಘಟನೆಯಿದೆ. ಹಿಜ್ರಿ 8ರಲ್ಲಿ ಮೂತಾ ಯುದ್ಧದಲ್ಲಿ ಜಅಫರ್ ಬಿನ್ ಅಬೀ ತಾಲಿಬ್(ರ) ಹುತಾತ್ಮರಾದರು. ಮೂರು ದಿನಗಳ ನಂತರ ಪ್ರವಾದಿ(ಸ)ರವರು ಅವರ ಪುಟ್ಟ ಮಕ್ಕಳನ್ನು ಕರೆಸಿ, ಕ್ಷೌರಿಕನನ್ನು ಬರಹೇಳಿ ಅವರ ತಲೆ ಬೋಳಿಸಿದರೆಂದು ಅಬೂ ದಾವೂದ್ ಸಂಗ್ರಹದಲ್ಲಿದೆ. ಯಾಕಾಗಿ? ತಾಯಿ ಅಸ್ಮಾ ಬಿಂತ್ ಉಮೈಸ್(ರ) ಶೋಕದಲ್ಲಿದ್ದರು. ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಾಚುವ ಸ್ಥಿತಿ ಅವರದಾಗಿರಲಿಲ್ಲ. ಕೊಳೆ, ಹೇನುಗಳಿಂದ ಮಕ್ಕಳಿಗೆ ತೊಂದರೆಯಾಗದಿರಲೆಂದು ಹೀಗೆ ಮಾಡಿದರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಗಂಡನನ್ನು ಕಳೆದುಕೊಂಡ ಮನೆಯಲ್ಲಿ ಮಕ್ಕಳ ತಲೆ ನೋಡುವವರು ಯಾರೆಂದು ಯೋಚಿಸಿದ ಆ ಮನಸ್ಸನ್ನು ನೆನೆದರೆ ಇಂದಿಗೂ ನಮ್ಮ ಕಣ್ಣು ತೇವವಾಗುತ್ತದೆ.

ಕ್ಷೌರಿಕರ ಕೆಲಸಕ್ಕೆ ನಿಯಮಗಳನ್ನು ಬರೆದಿಟ್ಟ ನಾಗರಿಕತೆ ನಮ್ಮದು. ಮಾರುಕಟ್ಟೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದನು. 12ನೇ ಶತಮಾನದಲ್ಲಿ ಶಾಮ್ ನಾಡಿನ ಅಶ್ಶೈಜರೀ ಈ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ ಹಮ್ಮಾಮಿನ ಕ್ಷೌರಿಕನ ವಿಚಾರವೂ ಬರುತ್ತದೆ. ಅವನ ಕೈ ಹಗುರವಾಗಿರಬೇಕು, ಕೆಲಸ ಬಲ್ಲವನಾಗಿರಬೇಕು, ಕತ್ತಿ ಹರಿತವಾಗಿರಬೇಕು. ಕೆಲಸದ ದಿನ ಈರುಳ್ಳಿ, ಬೆಳ್ಳುಳ್ಳಿ ತಿಂದು ಗಿರಾಕಿಯ ಮುಖದ ಬಳಿ ಉಸಿರು ಬಿಡುವಂತಿಲ್ಲ! ಕತ್ತಿ ಹರಿತವಿರಬೇಕೆಂಬ ಮಾತು ಸಾಮಾನ್ಯವೆಂದು ತೋರಬಹುದು. ಆದರೆ ಚರ್ಮದ ಉರಿಗೆ ಮುಖ್ಯ ಕಾರಣಗಳಲ್ಲಿ ಮೊಂಡು ಕತ್ತಿಯೂ ಒಂದು. ಹರಿತವಾದದ್ದು ಕೂದಲನ್ನು ಕತ್ತರಿಸುತ್ತದೆ, ಮೊಂಡಾದದ್ದು ಕೂದಲನ್ನು ಎಳೆದು ಚರ್ಮವನ್ನು ಹೆರೆಯುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಅರಬಿಯ ಹಜ್ಜಾಮ್ ಎಂಬುದು ಹಿಜಾಮಾ ಚಿಕಿತ್ಸೆ ಮಾಡುವವನಿಗೆ ಇರುವ ಹೆಸರು. ಪ್ರವಾದಿ(ಸ)ರವರು ಅಬೂ ತೈಬಾ(ರ) ಎಂಬವರಿಂದ ಹಿಜಾಮಾ ಮಾಡಿಸಿಕೊಂಡು, ಕೂಲಿ ಕೊಡಿಸಿ, ಅವರ ಮೇಲಿದ್ದ ತೆರಿಗೆಯ ಹೊರೆ ಇಳಿಸುವಂತೆ ಅವರ ಯಜಮಾನರಲ್ಲಿ ಮಾತನಾಡಿದ್ದರು. ಅದೇ ಪದ ಕನ್ನಡಕ್ಕೆ ಬಂದು ಬೈಗುಳವಾಗಿಬಿಟ್ಟಿದೆ. ಮಲಬಾರಿನಲ್ಲಿ ಒಸ್ಸಾನ್ ಎಂದು ಕರೆಯಲ್ಪಟ್ಟ ಮುಸ್ಲಿಮ್ ಕ್ಷೌರಿಕರನ್ನು ಮದುವೆ ಸಂಬಂಧಗಳಲ್ಲಿ ದೂರವಿಟ್ಟದ್ದೂ ನಮ್ಮವರೇ. ತಲೆಯನ್ನೇ ಒಪ್ಪಿಸುವ ವ್ಯಕ್ತಿಯನ್ನು ಕೀಳಾಗಿ ಕಾಣುವ ರೂಢಿ ನಮಗೆ ಎಲ್ಲಿಂದ ಬಂತೋ!

ಮುಂದಿನ ದೊಡ್ಡ ಬದಲಾವಣೆ ಕತ್ತಿಯಲ್ಲೇ ಆಯಿತು. ಶತಮಾನಗಳ ಕಾಲ ಒಂದೇ ಕತ್ತಿಯನ್ನು ಸಾಣೆಕಲ್ಲಿಗೂ ಚರ್ಮದ ಪಟ್ಟಿಗೂ ಉಜ್ಜಿ ಹರಿತಗೊಳಿಸಿ ನೂರಾರು ತಲೆಗಳಿಗೆ ಬಳಸಲಾಗುತ್ತಿತ್ತು. 1903ರಲ್ಲಿ ಅಮೆರಿಕದ ಜಿಲೆಟ್ ಕಂಪನಿ ಬಳಸಿ ಎಸೆಯುವ ತೆಳು ಬ್ಲೇಡುಗಳ ಮಾರಾಟ ಆರಂಭಿಸಿತು. ಆಗ ಅದು ಅನುಕೂಲದ ಮಾತಾಗಿತ್ತು. 1960ರ ದಶಕದಲ್ಲಿ ಹೆಪಟೈಟಿಸ್ ಬಿ ಮತ್ತು 1989ರಲ್ಲಿ ಹೆಪಟೈಟಿಸ್ ಸಿ ರೋಗಾಣುಗಳು ಪತ್ತೆಯಾದ ಮೇಲೆ ಅದು ಜೀವದ ಮಾತಾಯಿತು. ಇವು ರಕ್ತದ ಮೂಲಕ ಹರಡಿ ಯಕೃತ್ತನ್ನು ಹಾಳುಮಾಡುತ್ತವೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಜೀವಂತ ಉಳಿಯಬಲ್ಲದು. ಕಣ್ಣಿಗೆ ಕಾಣದಷ್ಟು ಸಣ್ಣ ಗೀರೇ ಅದಕ್ಕೆ ಸಾಕಾದ ಬಾಗಿಲು. ಆದುದರಿಂದ ಚರ್ಮದ ಉರಿಯನ್ನು ಕೇವಲ ಸೌಂದರ್ಯದ ಪ್ರಶ್ನೆಯೆಂದು ತಳ್ಳಿಹಾಕಬಾರದು. ಸೌದಿ ಸರಕಾರ ಪರವಾನಗಿಯಿಲ್ಲದ ಕ್ಷೌರಿಕರನ್ನು ನಿಷೇಧಿಸಿ, ಪ್ರತಿಯೊಬ್ಬ ಯಾತ್ರಿಕನಿಗೂ ಹೊಸ ಬ್ಲೇಡನ್ನೇ ಬಳಸಬೇಕೆನ್ನುತ್ತದೆ. ಆದರೂ ಕೆಲವು ರಿಯಾಲ್ ಉಳಿಸಲೆಂದು ರಸ್ತೆಬದಿಯಲ್ಲಿ ಕುಳಿತು, ಒಂದೇ ಬ್ಲೇಡಿನಲ್ಲಿ ಸಂಗಡಿಗರೆಲ್ಲ ಮುಗಿಸಿಕೊಳ್ಳುವವರಿದ್ದಾರೆ. ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಹೋದ ಯಾತ್ರೆಯಲ್ಲಿ ಈ ಉಳಿತಾಯ ನಮಗೆ ಅರ್ಥವಾಗುವುದಿಲ್ಲ.

ಹಾಗಾದರೆ ಹಲ್ಕ್ ಹೇಗಿರಬೇಕು? ಉದ್ದ ಕೂದಲನ್ನು ಮೊದಲು ಯಂತ್ರದಿಂದ ಗಿಡ್ಡ ಮಾಡಿಸಿ, ಉಗುರು ಬೆಚ್ಚಗಿನ ನೀರಿನಿಂದ ತಲೆಯನ್ನು ಕೆಲವು ನಿಮಿಷ ಚೆನ್ನಾಗಿ ನೆನೆಸಬೇಕು. ನೆನೆದ ಕೂದಲು ಮೆತ್ತಗಾಗುತ್ತದೆ, ಕತ್ತಿ ಒತ್ತಬೇಕಾಗುವುದಿಲ್ಲ. ನೊರೆಯಿದ್ದರೆ ಇನ್ನೂ ಒಳ್ಳೆಯದು. ಆದರೆ ಇಲ್ಲಿ ಎಚ್ಚರ ಬೇಕು: ಹಲ್ಕ್ ಆಗುವವರೆಗೆ ಯಾತ್ರಿಕನು ಇಹ್ರಾಮಿನಲ್ಲೇ ಇರುತ್ತಾನೆ. ಘಮಘಮಿಸುವ ಶೇವಿಂಗ್ ಕ್ರೀಮ್ ಅವನಿಗೆ ಸಲ್ಲದು. ಸುವಾಸನೆಯಿಲ್ಲದ ಸಾಬೂನನ್ನು ಊರಿನಿಂದಲೇ ಒಯ್ಯಬೇಕು, ಬ್ಲೇಡಿನ ಪೊಟ್ಟಣವನ್ನೂ. ಕತ್ತಿಯನ್ನು ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಬೇಕು. ನೆತ್ತಿಯ ಸುಳಿಯಲ್ಲಿ ದಿಕ್ಕು ತಿರುಗುವುದರಿಂದ ಅಲ್ಲಿ ನಿಧಾನ ಬೇಕು. ಎದುರು ದಿಕ್ಕಿನಲ್ಲಿ ಮತ್ತೆ ಮತ್ತೆ ಹೆರೆದರೆ ಕೂದಲು ಚರ್ಮದ ಮಟ್ಟಕ್ಕಿಂತ ಒಳಗೆ ತುಂಡಾಗುತ್ತದೆ. ಮರಳಿ ಬೆಳೆಯುವಾಗ ಅದರ ಚೂಪಾದ ತುದಿ ಚರ್ಮದೊಳಗೇ ಚುಚ್ಚಿಕೊಂಡು ಗುಳ್ಳೆಯಾಗುತ್ತದೆ. ಗುಂಗುರು ಕೂದಲಿನವರಿಗೆ ಇದು ಹೆಚ್ಚು. ಕೈಗೆ ಕನ್ನಡಿಯಂತೆ ನುಣುಪಾಗಬೇಕೆಂಬ ಹಟ ಸಲೂನಿನದು. ಫಿಕ್‌ಹ್ ಕೇಳುವುದು ಕೂದಲು ಬೋಳಾಗುವುದನ್ನಷ್ಟೇ.

ಮುಗಿದ ಮೇಲೆ ತಣ್ಣೀರಿನಿಂದ ತೊಳೆದು, ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ನಮ್ಮೂರ ಕ್ಷೌರದಂಗಡಿಗಳಲ್ಲಿ ಪಟಿಕದ ಗಟ್ಟಿ ಉಜ್ಜುವ ರೂಢಿಯಿದೆ. ಸ್ವಂತ ಪಟಿಕವಾದರೆ ಸರಿ, ಹತ್ತು ಜನರ ಗೀರು ಮುಟ್ಟಿದ ಅದೇ ಗಟ್ಟಿಯಾದರೆ ಹೊಸ ಬ್ಲೇಡ್ ಹಾಕಿಸಿಕೊಂಡ ಪ್ರಯೋಜನವೇ ಇಲ್ಲ. ದುಲ್‌ಹಜ್ಜ್ 10ರಂದು ಕಲ್ಲೆಸೆತ ಮತ್ತು ಬಲಿಯ ಬಳಿಕ ಹಲ್ಕ್ ಆದವನಿಗೆ ದಾಂಪತ್ಯ ಸಂಬಂಧದ ಹೊರತು ಇಹ್ರಾಮಿನ ನಿಷೇಧಗಳು ಕಳಚುತ್ತವೆ. ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಬಹುದು, ಟೊಪ್ಪಿ ಧರಿಸಬಹುದು. ವರ್ಷಗಳಿಂದ ಬಿಸಿಲು ಕಾಣದ ಚರ್ಮ ಮಿನಾದ ಬಿಸಿಲಿಗೆ ತೆರೆದುಕೊಂಡಿರುವಾಗ ತಲೆ ಮುಚ್ಚಿಕೊಳ್ಳದಿರುವುದು ಅವಿವೇಕ. ಅನೇಕ ಹಾಜಿಗಳು ಮಾತ್ರ ಇನ್ನೂ ನಿಷಿದ್ಧವೆಂದು ತಿಳಿದು ಬರಿತಲೆಯಲ್ಲೇ ನಡೆಯುತ್ತಾರೆ.

ತಲೆಯಲ್ಲಿ ಮೊದಲೇ ಹುಣ್ಣು, ಸೋರಿಯಾಸಿಸ್ ಇರುವವರು, ಗಾಯ ಬೇಗ ಮಾಯದ ಸಕ್ಕರೆ ಕಾಯಿಲೆಯವರು, ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರು ಏನು ಮಾಡಬೇಕು? ಅವರಿಗಾಗಿ ತಕ್ಸೀರ್ ಇದೆ, ಕೂದಲು ಕತ್ತರಿಸಿಕೊಂಡರೆ ಇಹ್ರಾಮ್ ಬಿಡುಗಡೆಯಾಗುತ್ತದೆ. ಹಲ್ಕ್ ಶ್ರೇಷ್ಠವೆಂಬುದು ನಿಜ, ಆದರೆ ಪ್ರವಾದಿ(ಸ)ರವರ ಪ್ರಾರ್ಥನೆಯಲ್ಲಿ ತಕ್ಸೀರ್ ಮಾಡಿದವರೂ ಸೇರಿದ್ದಾರೆ. ಹುಣ್ಣುಗಳಿಂದಾಗಿ ಕತ್ತಿಯನ್ನೂ ಆಡಿಸಲಾಗದ, ಕತ್ತರಿಯನ್ನೂ ಹಾಕಲಾಗದ ಸ್ಥಿತಿಯಿದ್ದರೆ ಹೊಣೆಯೇ ಇಳಿದುಹೋಗುತ್ತದೆ, ಬೋಳಿಸಿದವನಂತೆಯೇ ಅವನು ಇಹ್ರಾಮಿನಿಂದ ಬಿಡುಗಡೆ ಹೊಂದುತ್ತಾನೆ ಎಂದು ಹನಫೀ ವಿದ್ವಾಂಸರು ಬರೆದಿದ್ದಾರೆ. ಸಂದೇಹವಿರುವವರು ಹೊರಡುವ ಮೊದಲೇ ತಮ್ಮ ವೈದ್ಯರನ್ನೂ ಊರಿನ ಆಲಿಮರನ್ನೂ ಕೇಳಿಕೊಳ್ಳಲಿ.

ಇನ್ನು ಅಕೀಕಾದ ಕೂಸಿನ ತಲೆ. ಅಜ್ಞಾನ ಕಾಲದ ಅರಬರು ಗಂಡುಮಗು ಹುಟ್ಟಿದಾಗ ಕುರಿ ಕೊಯ್ದು ಅದರ ರಕ್ತವನ್ನು ಮಗುವಿನ ತಲೆಗೆ ಬಳಿಯುತ್ತಿದ್ದರು. ಇಸ್ಲಾಮ್ ಬಂದ ಮೇಲೆ ತಲೆ ಬೋಳಿಸಿ ಕೇಸರಿ ಹಚ್ಚತೊಡಗಿದೆವು ಎಂದು ಬುರೈದಾ(ರ) ಹೇಳಿರುವುದು ಅಬೂ ದಾವೂದ್ ಸಂಗ್ರಹದಲ್ಲಿದೆ. ಹಸನ್(ರ)ರವರ ಕೂದಲನ್ನು ತೂಗಿದಾಗ ಅದು ಒಂದು ದಿರ್ಹಮ್ ಅಥವಾ ಅದಕ್ಕಿಂತಲೂ ಕಡಿಮೆಯಿತ್ತು, ಅಷ್ಟು ಬೆಳ್ಳಿ ದಾನವಾಯಿತು. ನಮ್ಮ ಮನೆಗಳಲ್ಲಿ ಇಂದೂ ಏಳನೇ ದಿನ ನೆಂಟರೆಲ್ಲ ಸೇರಿರುವಾಗ, ಅಳುವ ಕೂಸನ್ನು ಅಜ್ಜಿ ತೊಡೆಯ ಮೇಲೆ ಬಿಗಿಹಿಡಿದು, ಅಂಗಡಿಯ ಕತ್ತಿಯನ್ನು ಹಾಗೆಯೇ ಆಡಿಸುವುದುಂಟು. ಕೂಸಿನ ಚರ್ಮ ಬಲು ತೆಳು, ನೆತ್ತಿಯ ಮೂಳೆ ಇನ್ನೂ ಕೂಡಿರುವುದಿಲ್ಲ. ಮಗು ಹಾಲು ಕುಡಿದು ನಿದ್ದೆಹೋದ ಹೊತ್ತು ನೋಡಿ, ಹೊಸ ಬ್ಲೇಡ್ ಹಾಕಿಸಿ, ತಲೆ ನೆನೆಸಿ, ಮೆತ್ತಗಿರುವ ನೆತ್ತಿಯ ಮೇಲೆ ಒತ್ತದಂತೆ ಹೇಳಬೇಕು. ತಲೆಯಲ್ಲಿ ಬೊಕ್ಕೆಗಳಿದ್ದರೆ ಆ ದಿನ ಬಿಟ್ಟು ಹದಿನಾಲ್ಕನೆಯ ಅಥವಾ ಇಪ್ಪತ್ತೊಂದನೆಯ ದಿನಕ್ಕೆ ಇಟ್ಟುಕೊಳ್ಳಬಹುದು, ಬಿರಿಯಾನಿಯ ಕರೆಯೋಲೆ ಹೋಗಿದ್ದರೂ ಸರಿಯೇ.