ಪರಿಸರ ಪಕ್ಷ ಮತ್ತು ಕರಾವಳಿಯ ಚುನಾವಣೆ

ಕಾಡು, ನದಿ, ಕಡಲು, ಕುಡಿಯುವ ನೀರು ಇವುಗಳ ಉಳಿವನ್ನೇ ಮುಂದಿಟ್ಟು ಮತ ಕೇಳುವ ರಾಜಕಾರಣ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ನಡೆದುಬಂದ ಬಗೆಯನ್ನು ಹೇಳುವುದಕ್ಕೆ ಶಿರೂರು ತಕ್ಕ ಜಾಗ. ಬೈಂದೂರು ತಾಲ್ಲೂಕಿನ ಈ ಊರು ಉಡುಪಿ ಜಿಲ್ಲೆಯ ಬಡಗಣ ತುದಿ. ಊರು ದಾಟಿದರೆ ಭಟ್ಕಳ ತಾಲ್ಲೂಕು. (2024ರ ಜುಲೈಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಶಿರೂರು ಹಿರಿಯಡಕದ ಕಡೆಯದು. ಮೂರೂ ಬೇರೆ ಬೇರೆ.) 1989ರಲ್ಲಿ ಎರಡು ಲೋಕಸಭಾ ಕ್ಷೇತ್ರಗಳ ಗಡಿಯೂ ಇಲ್ಲೇ ಹಾದುಹೋಗುತ್ತಿತ್ತು. ಪರಿಸರಕ್ಕಾಗಿಯೇ ನಡೆದ ಒಂದು ದೊಡ್ಡ ಚುನಾವಣಾ ಪ್ರಯತ್ನ ಆ ಗಡಿಯ ಆಚೆ ಬದಿಯಲ್ಲಿ ನಡೆಯಿತು.

ಹಸಿರು ಪಕ್ಷ ಎಂಬ ಕಲ್ಪನೆ ಹುಟ್ಟಿದ್ದು ಒಂದು ಕೆರೆಯ ಜಗಳದಲ್ಲಿ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಪೆಡರ್ ಸರೋವರವನ್ನು ಜಲವಿದ್ಯುತ್ ಯೋಜನೆಗೆ ಮುಳುಗಿಸಲು ಹೊರಟಾಗ, ಅದನ್ನು ಉಳಿಸಲೆಂದು 1972ರಲ್ಲಿ ಯುನೈಟೆಡ್ ಟಾಸ್ಮೇನಿಯಾ ಗ್ರೂಪ್ ಚುನಾವಣೆಗೆ ನಿಂತಿತು. ಜಗತ್ತಿನ ಮೊದಲ ಹಸಿರು ಪಕ್ಷವೆಂದು ಗುರುತಿಸುವುದು ಅದನ್ನೇ. ಪಶ್ಚಿಮ ಜರ್ಮನಿಯ ಗ್ರೀನ್ಸ್ ಪಕ್ಷ 1980ರಲ್ಲಿ ಸ್ಥಾಪನೆಯಾಗಿ 1983ರಲ್ಲಿ ಸಂಸತ್ತಿಗೆ ಹೋಯಿತು. ಅದರ ಬೆನ್ನೆಲುಬು ಅಣುಸ್ಥಾವರ ವಿರೋಧಿ ಚಳವಳಿ.

ನಮ್ಮ ಕಡೆ ಚಳವಳಿ ಪಕ್ಷಕ್ಕಿಂತ ಬಹಳ ಮೊದಲೇ ಗಟ್ಟಿಯಾಗಿತ್ತು. 1980ರ ಆಸುಪಾಸಿನಲ್ಲಿ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ಸಿರ್ಸಿ ಸೀಮೆಯ ಅಡಿಕೆ ಬೆಳೆಗಾರರು ಎದುರಿಸಿದರು. ಸಿರ್ಸಿಯ ತೋಟಗಾರ್ಸ್ ಸೊಸೈಟಿಯಂತಹ ಸಹಕಾರಿ ಸಂಘವೇ ಮುಂದೆ ನಿಂತು, ಯೋಜನೆಯ ಲಾಭನಷ್ಟದ ಲೆಕ್ಕವನ್ನು ತಜ್ಞರ ಕೈಯಲ್ಲಿ ಹಾಕಿಸಿತು. ಯೋಜನೆ ನಿಂತಿತು. 1983ರ ಸೆಪ್ಟೆಂಬರ್ 8ರಂದು ಸಿರ್ಸಿ ತಾಲ್ಲೂಕಿನ ಸಾಲ್ಕಣಿಯವರು ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಈ ಜನ ಓಟಿಗೆ ನಿಂತವರಲ್ಲ. ಆದರೆ ಮನೆಮನೆಗೆ ಹೋಗಿ ಮಾತಾಡುವುದು, ಲೆಕ್ಕ ಬಿಡಿಸಿ ತೋರಿಸುವುದು, ಊರಿನ ಸಭೆ ಕರೆಯುವುದು, ಹೀಗೆ ಪ್ರಚಾರಕ್ಕೆ ಬೇಕಾದ ಎಲ್ಲವನ್ನೂ ಕಲಿತಿದ್ದರು.

ಕಾಳಿ ನದಿಯ ದಡದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಕಟ್ಟುವ ತೀರ್ಮಾನವಾದಾಗ ಆ ಕಲಿಕೆ ಮತಗಟ್ಟೆಯ ತನಕ ಹೋಯಿತು. 1989ರ ಲೋಕಸಭಾ ಚುನಾವಣೆಯಲ್ಲಿ ಕೋಟ ಶಿವರಾಮ ಕಾರಂತರು ಕೈಗಾ ವಿರೋಧವನ್ನೇ ಮುಖ್ಯ ವಿಷಯವಾಗಿಟ್ಟುಕೊಂಡು ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತರು. 1902ರ ಅಕ್ಟೋಬರ್ 10ರಂದು ಹುಟ್ಟಿದ ಅವರಿಗೆ ಆಗ 87 ತುಂಬಿತ್ತು. ಜ್ಞಾನಪೀಠ ಬಂದು ಹನ್ನೆರಡು ವರ್ಷವಾಗಿತ್ತು. ಅಣುವಿನ ವಿಷಯ ಈ ಸಾಹಿತಿಗೇನು ಗೊತ್ತು ಎಂದು ಅವರನ್ನು ತಳ್ಳಿಹಾಕುವಂತಿರಲಿಲ್ಲ. ಮಕ್ಕಳಿಗಾಗಿ ಬಾಲಪ್ರಪಂಚವನ್ನೂ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚದ ಸಂಪುಟಗಳನ್ನೂ ಒಬ್ಬರೇ ಬರೆದವರು, ಕನ್ನಡದಲ್ಲಿ ವಿಜ್ಞಾನವನ್ನು ಊರೂರಿಗೆ ಮುಟ್ಟಿಸಿದವರು ಅವರೇ.

ಅಭ್ಯರ್ಥಿ ಹುಟ್ಟಿದ್ದು ಶಿರೂರಿನಿಂದ ತೆಂಕಣಕ್ಕೆ ಸುಮಾರು 50 ಕಿಲೋಮೀಟರ್ ದೂರದ ಕೋಟದಲ್ಲಿ. ಬಾಳಿದ್ದು ಪುತ್ತೂರು, ಸಾಲಿಗ್ರಾಮಗಳಲ್ಲಿ. ಅವರ ಭಾಷೆ, ಯಕ್ಷಗಾನ, ಕಾದಂಬರಿಗಳ ಹೊಯ್ಗೆ ದಿಬ್ಬ, ಅಳಿವೆ, ಮಳೆಗಾಲ ಎಲ್ಲವೂ ಶಿರೂರಿಗೆ ತನ್ನದೇ. ಆದರೆ ಶಿರೂರು ಉಡುಪಿ ಕ್ಷೇತ್ರಕ್ಕೆ ಸೇರಿತ್ತು. ಕಾರಂತರ ಹೆಸರಿದ್ದ ಮತಪತ್ರ ಭಟ್ಕಳದಿಂದಾಚೆಗೆ ಮಾತ್ರ. ಅವರನ್ನು ಹತ್ತಿರದಿಂದ ಬಲ್ಲ ಕುಂದಾಪುರ ಸೀಮೆಯ ಜನಕ್ಕೆ ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ.

ಆ ಮತಪತ್ರವನ್ನೇ ಒಮ್ಮೆ ನೋಡಬೇಕು. ಆಗ ಮತಯಂತ್ರ ಬಂದಿರಲಿಲ್ಲ. ಉದ್ದನೆಯ ಕಾಗದ, ಸಾಲಾಗಿ ಹೆಸರು, ಹೆಸರಿನ ಮುಂದೆ ಚಿಹ್ನೆ. ಬಾಣದ ಮೊನೆಗಳಿರುವ ಅಡ್ಡಗುರುತಿನ ರಬ್ಬರ್ ಮುದ್ರೆಯನ್ನು ಒತ್ತಿ, ಶಾಯಿ ಬೇರೆ ಮನೆಗೆ ಹತ್ತದಂತೆ ಮಡಚಿ, ತಗಡಿನ ಪೆಟ್ಟಿಗೆಗೆ ಇಳಿಸಬೇಕು. ಪಕ್ಷದವರು, ಪಕ್ಷೇತರರು ಎಲ್ಲ ಅಕ್ಷರ ಕ್ರಮದಲ್ಲಿ ಒಟ್ಟಿಗೇ ಇರುತ್ತಿದ್ದರು. ಪಕ್ಷೇತರರನ್ನು ಪಟ್ಟಿಯ ಕೊನೆಗೆ ಸರಿಸಿದ್ದು 1996ರ ತಿದ್ದುಪಡಿ. ದೊಡ್ಡ ಪಕ್ಷದ ಚಿಹ್ನೆ ಹತ್ತಾರು ವರ್ಷಗಳಿಂದ ಕಣ್ಣಿಗೆ ಕೂತಿರುತ್ತದೆ. ಪಕ್ಷೇತರನಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸಾತಿಯ ದಿನ ಮುಗಿದ ಮೇಲೆ. ಆಮೇಲೆ ಉಳಿಯುವುದು ಕೆಲವೇ ವಾರ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಕಾಡೊಳಗಿನ ಒಂಟಿ ಮನೆಗಳು ಇರುವ ಕ್ಷೇತ್ರದಲ್ಲಿ ಅಷ್ಟು ದಿನದೊಳಗೆ ಹೊಸ ಚಿಹ್ನೆಯೊಂದನ್ನು ಎಲ್ಲರಿಗೂ ಮುಟ್ಟಿಸುವುದು ಹೇಳಿದಷ್ಟು ಸುಲಭವಲ್ಲ. ಕರಾವಳಿಯ ಅಂಗಳದಲ್ಲಿ ಓಟು ಕೇಳಲು ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ ಇಂದಿಗೂ ಅದೇ: “ಗುರ್ತ್ ಎಂತದ್ ಮಾರಾಯ್ರೆ?”

1989ರಲ್ಲಿ 18 ತುಂಬಿದವರು ಲೋಕಸಭೆಗೆ ಮೊದಲ ಬಾರಿ ಮತ ಹಾಕಿದರು. ರಾಜ್ಯದಲ್ಲಿ ಕಾಂಗ್ರೆಸ್ಸಿನ ಅಲೆ ಎದ್ದು 28ರಲ್ಲಿ 27 ಸ್ಥಾನ ಆ ಪಕ್ಷಕ್ಕೆ ಹೋಯಿತು, ಕೆನರಾದಲ್ಲಿ ಜಿ. ದೇವರಾಯ ನಾಯ್ಕ ಮತ್ತೆ ಗೆದ್ದರು. ಕಾರಂತರು ಸೋತರು. ಆದರೂ 50 ಸಾವಿರಕ್ಕೂ ಹೆಚ್ಚು ಜನ ಅವರಿಗೆ ಮತ ಕೊಟ್ಟಿದ್ದರು. ಪಕ್ಷವಿಲ್ಲ, ಜಾತಿಯ ಲೆಕ್ಕವಿಲ್ಲ, ಅಧಿಕಾರದ ಆಸೆ ತೋರಿಸುವ ಮಾತಿಲ್ಲ. ಹಾಗಿದ್ದೂ ಬಂದ ಆ ಮತಗಳನ್ನು ಸೋಲಿನ ಖಾತೆಗೆ ಬರೆದು ಮರೆಯುವುದು ತಪ್ಪು. ಕನ್ನಡ ನಾಡಿನಲ್ಲಿ ಪರಿಸರಕ್ಕೆಂದೇ ಬಿದ್ದ ಮತಗಳ ದೊಡ್ಡ ರಾಶಿ ಅದು. 1994ರ ಮೇ 13ರಂದು ಕಟ್ಟುತ್ತಿದ್ದ ಸ್ಥಾವರದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಾಗ, ಐದು ವರ್ಷದ ಹಿಂದೆ ಕೇಳಿದ ಮಾತುಗಳನ್ನು ಜನ ನೆನೆಯಲು ಕಾರಣವಿತ್ತು. 2000ರಲ್ಲಿ ಕೈಗಾ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡತೊಡಗಿತು. ಅದನ್ನು ನೋಡಲು ಕಾರಂತರಿರಲಿಲ್ಲ. 1997ರ ಡಿಸೆಂಬರ್ 9ರಂದು ತೀರಿಕೊಂಡಿದ್ದರು.

ಆ ಮತಗಳನ್ನು ಒಟ್ಟುಹಿಡಿದು ಪಕ್ಷ ಕಟ್ಟುವ ಕೆಲಸ ಕರಾವಳಿಯಲ್ಲಿ ಬೇರೂರಲಿಲ್ಲ. 1989ರ ಜೂನಿನಿಂದ ಪಕ್ಷಗಳು ಚುನಾವಣಾ ಆಯೋಗದಲ್ಲಿ ನೋಂದಣಿ ಮಾಡಿಸಬೇಕೆಂಬ ನಿಯಮ ಬಂತು. ನೋಂದಣಿಯಾದರೂ ಮಾನ್ಯತೆ ಸಿಗುವ ತನಕ ಸ್ವಂತ ಚಿಹ್ನೆ ಇಲ್ಲ. ಲೋಕಸಭಾ ಅಭ್ಯರ್ಥಿಯ ಠೇವಣಿ 500 ರೂಪಾಯಿ ಇದ್ದದ್ದು 1996ರಲ್ಲಿ 10,000ಕ್ಕೆ, 2009ರ ತಿದ್ದುಪಡಿಯಿಂದ 25,000ಕ್ಕೆ ಏರಿತು. ಘಟ್ಟದ ಮೇಲೆ ರೈತಸಂಘದಿಂದ ಹುಟ್ಟಿದ ಸರ್ವೋದಯ ಕರ್ನಾಟಕ ಪಕ್ಷ ನೆಲ, ಬೀಜ, ನೀರಿನ ಮಾತನ್ನು ವಿಧಾನಸಭೆಯ ತನಕ ಒಯ್ದಿದೆ. ಅದರ ಬೇರು ಮಂಡ್ಯದ ಬಯಲಿನಲ್ಲಿದೆ, ಕಡಲ ಕರೆಯಲ್ಲಿಲ್ಲ.

ಬದಲಿಗೆ ಇಲ್ಲಿ ಬೆಳೆದದ್ದು ಮತ ಕೊಡದಿರುವ ರಾಜಕಾರಣ. ಪಶ್ಚಿಮಕ್ಕೆ ಹರಿಯುವ ಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಸಿಟ್ಟಿನಲ್ಲಿ 2014ರಲ್ಲಿ ದಕ್ಷಿಣ ಕನ್ನಡದಲ್ಲಿ ನೋಟಾ ಒತ್ತಿ ಎಂಬ ಪ್ರಚಾರ ನಡೆಯಿತು. ಪಶ್ಚಿಮ ಘಟ್ಟದ ರಕ್ಷಣೆಯ ಕುರಿತ ಕಸ್ತೂರಿರಂಗನ್ ವರದಿ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿದಾಗ, ಘಟ್ಟದ ತಪ್ಪಲಿನ ಊರುಗಳಲ್ಲಿ ಮತದಾನ ಬಹಿಷ್ಕಾರದ ಫಲಕ ಎದ್ದದ್ದು ವರದಿಯ ವಿರುದ್ಧ. ಮನೆ, ತೋಟ, ಸೊಪ್ಪಿನಬೆಟ್ಟ ಹೋಗುತ್ತದೆಂಬ ಹೆದರಿಕೆಯನ್ನು ಎಲ್ಲ ಪಕ್ಷಗಳೂ ಬಳಸಿಕೊಂಡವು. ವರದಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಹೊಣೆಯನ್ನು ಅವು ಹೊರಲಿಲ್ಲ. ಬೇಡ್ತಿಯಲ್ಲಿ ಆದ ಕೆಲಸ ಇಲ್ಲಿ ಆಗಲಿಲ್ಲ ಎಂಬುದೇ ಈ ರಾಜಕಾರಣದ ದೊಡ್ಡ ಕೊರತೆ.

ಶಿರೂರಿನ ಮಟ್ಟಿಗೆ ಇನ್ನೊಂದು ತೊಡಕಿದೆ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಬೈಂದೂರು ವಿಧಾನಸಭಾ ಕ್ಷೇತ್ರ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿತು. ಕಡಲ್ಕೊರೆತ, ನಾಡದೋಣಿ, ಬಾವಿಗೆ ನುಗ್ಗುವ ಉಪ್ಪುನೀರು, ಜೂನ್ ಮತ್ತು ಜುಲೈಯ ಮೀನುಗಾರಿಕೆ ನಿಷೇಧ, ಇವೆಲ್ಲ ಘಟ್ಟದ ಮೇಲಿನ ಮತದಾರರೇ ಹೆಚ್ಚಿರುವ ಕ್ಷೇತ್ರದಲ್ಲಿ ಮೂಲೆಯ ವಿಷಯಗಳು. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳ, ಶಿರೂರುಗಳಲ್ಲಿ ನೆರೆ ಬಂದದ್ದನ್ನು ಇಲ್ಲಿಯವರು ಮರೆತಿಲ್ಲ. ಹೊಳೆ ತುಂಬಿ ಬಂದಾಗ ನೀರು ಕಡಲಿಗೆ ಸರಾಗ ಇಳಿಯಬೇಕಾದರೆ ಅಳಿವೆ ತೆರೆದಿರಬೇಕು, ತೋಡು ಮುಚ್ಚಿರಬಾರದು, ಹೊಳೆ ಬದಿಯ ಕಾಂಡ್ಲಾ ಗಿಡ ಉಳಿದಿರಬೇಕು. ಇದು ದೆಹಲಿಯ ವಿಷಯವಲ್ಲ, ಪಂಚಾಯಿತಿಯ ವಿಷಯ.

ಗ್ರಾಮ ಪಂಚಾಯಿತಿ ಚುನಾವಣೆ ಕರ್ನಾಟಕದಲ್ಲಿ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ‘ಬೆಂಬಲಿತ ಅಭ್ಯರ್ಥಿ’ ಎಂಬ ಮಾತಿನ ಮರೆಯಲ್ಲಿ ಪಕ್ಷಗಳು ಒಳಗೆ ಬರುತ್ತವೆ, ನಿಜ. ಆದರೂ ಕಾನೂನಿನ ಪ್ರಕಾರ ಎಲ್ಲ ಅಭ್ಯರ್ಥಿಗಳೂ ಕಾರಂತರು ನಿಂತ ಹಾಗೆಯೇ ನಿಲ್ಲುತ್ತಾರೆ: ಪಕ್ಷವಿಲ್ಲದೆ, ಆಯೋಗ ಕೊಟ್ಟ ಚಿಹ್ನೆಯೊಂದಿಗೆ. ವಾರ್ಡು ಚಿಕ್ಕದು, ಮೈಕು ಕಟ್ಟಿದ ಜೀಪು ಬೇಡ, 2016ರಿಂದ ನಿಷೇಧವಿರುವ ಪ್ಲಾಸ್ಟಿಕ್ ಫ್ಲೆಕ್ಸೂ ಬೇಡ, ನಡೆದೇ ಎಲ್ಲ ಮನೆ ಮುಟ್ಟಬಹುದು. ಹಸಿರು ರಾಜಕಾರಣಕ್ಕೆ ಕರಾವಳಿಯಲ್ಲಿ ಗೆಲ್ಲುವ ಅವಕಾಶ ಇರುವುದು ಈ ಮೆಟ್ಟಿಲಿನಲ್ಲೇ. ಗೆದ್ದವರನ್ನು ಪ್ರಶ್ನಿಸುವ ಜಾಗವೂ ಹತ್ತಿರದಲ್ಲೇ ಇದೆ: ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು. ಅದರ ನೋಟಿಸಿನಲ್ಲಿ ಹೇಳಿದ ದಿನ ಶಿರೂರಿನವರು ಮನೆಗೊಬ್ಬರಂತೆ ಹೋಗಿ ಕೂತು, ತೋಡು ಮತ್ತು ಅಳಿವೆಯ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು.