ಓಲ್ಡ್ ಸೌತ್ ಮಂದಿರದ ಉಪನ್ಯಾಸಗಳು

ಹಳೆಯ ಕಟ್ಟಡವೊಂದನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸ. ಉಳಿಸಿಕೊಂಡ ಬಳಿಕ ಅದನ್ನು ಏನು ಮಾಡಬೇಕೆಂಬುದು ಇನ್ನೂ ಕಷ್ಟದ ಪ್ರಶ್ನೆ. ನಮ್ಮಲ್ಲಿ ಸ್ಮಾರಕವೆಂದರೆ ಬಹುಮಟ್ಟಿಗೆ ಒಂದು ಬೇಲಿ, ಒಂದು ಬೀಗ, ಒಂದು ಫಲಕ. ಅಮೆರಿಕದ ಬಾಸ್ಟನ್ ನಗರದವರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರ ಕಂಡುಕೊಂಡರು.

ಓಲ್ಡ್ ಸೌತ್ ಎಂಬುದು 1729ರಲ್ಲಿ ಕಟ್ಟಿದ ಇಟ್ಟಿಗೆಯ ಪ್ರಾರ್ಥನಾಮಂದಿರ. ಊರಿನಲ್ಲಿ ಅಷ್ಟು ಜನ ಹಿಡಿಸುವ ಇನ್ನೊಂದು ಕಟ್ಟಡವಿರಲಿಲ್ಲವಾದ್ದರಿಂದ ದೊಡ್ಡ ಸಭೆಗಳೆಲ್ಲ ಅಲ್ಲಿಯೇ ನಡೆಯುತ್ತಿದ್ದವು. 1773ರ ಡಿಸೆಂಬರ್ 16ರಂದು ಸುಮಾರು 5,000 ಜನ ಅಲ್ಲಿ ನೆರೆದು, ಚಹಾ ಹೊತ್ತು ಬಂದ ಹಡಗನ್ನು ಹಿಂದಕ್ಕೆ ಕಳುಹಿಸಲು ಗವರ್ನರ್ ಹಚಿನ್ಸನ್ ಅನುಮತಿ ಕೊಡುವನೇ ಎಂದು ಕತ್ತಲಾಗುವವರೆಗೂ ಕಾದರು. ಅನುಮತಿ ಬರಲಿಲ್ಲ. ಆ ರಾತ್ರಿ ಮೂರು ಹಡಗುಗಳ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಆ ಚಹಾ ನಮಗೆ ಚೆನ್ನಾಗಿ ಪರಿಚಿತವಾದ ಈಸ್ಟ್ ಇಂಡಿಯಾ ಕಂಪನಿಯದು. 1769ರಲ್ಲಿ ಹೈದರಲಿ ಮದರಾಸಿನ ಬಾಗಿಲಿಗೆ ಬಂದು ನಿಂತ ವರ್ಷವೇ ಲಂಡನ್ನಿನಲ್ಲಿ ಈ ಕಂಪನಿಯ ಷೇರುಗಳ ಬೆಲೆ ಕುಸಿದಿತ್ತು. ಸಾಲದಲ್ಲಿ ಮುಳುಗಿದ ಕಂಪನಿಯನ್ನು ಎತ್ತಿ ನಿಲ್ಲಿಸಲೆಂದೇ 1773ರ ಚಹಾ ಕಾಯಿದೆ ಬಂದದ್ದು. ಮೈಸೂರಿಗೂ ಬಾಸ್ಟನ್ನಿಗೂ ಇರುವ ನಂಟು ನಾವು ಎಣಿಸುವುದಕ್ಕಿಂತ ಹತ್ತಿರದ್ದು.

ಮುಂದೆ ಬ್ರಿಟಿಷ್ ಸೈನಿಕರು ಮಂದಿರದ ಪೀಠಗಳನ್ನು ಕಿತ್ತು, ನೆಲಕ್ಕೆ ಮಣ್ಣು ಹರಡಿ, ಅದನ್ನು ಕುದುರೆ ಸವಾರಿಯ ಶಾಲೆ ಮಾಡಿಕೊಂಡರು. ಭಕ್ತರು ಮರಳಿ ಬಂದದ್ದು 1783ರಲ್ಲಿ.

1872ರ ಮಹಾ ಅಗ್ನಿಯಿಂದ ಪಾರಾದ ಈ ಮಂದಿರ 1876ರಲ್ಲಿ ಹರಾಜಿನಿಂದ ಪಾರಾಗುವಂತಿರಲಿಲ್ಲ. ಸಭೆಯವರು ಹೊಸ ಬಡಾವಣೆಗೆ ಹೋಗಿದ್ದರು. ಕೆಡವಿ ಒಯ್ಯುವ ಷರತ್ತಿನ ಮೇಲೆ ಕಟ್ಟಡಕ್ಕೆ ಬಂದ ಬೆಲೆ 1,350 ಡಾಲರು. ಸ್ವಾತಂತ್ರ್ಯ ಘೋಷಣೆಯ ನೂರನೆಯ ವರ್ಷದಲ್ಲಿ ಇದು ನಡೆಯಿತೆಂಬುದು ವಿಪರ್ಯಾಸ. ಆಗ ಊರಿನ ಹೆಂಗಸರು ಮುಂದೆ ಬಂದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ವಾಗ್ಮಿ ವೆಂಡೆಲ್ ಫಿಲಿಪ್ಸ್ ಜೂನ್ 14ರಂದು ಆ ಮಂದಿರದಲ್ಲಿಯೇ ನಿಂತು ಅದರ ಪರವಾಗಿ ಮಾತನಾಡಿದ. ನಿವೇಶನದ ಬೆಲೆಯೂ ಸೇರಿ ಬೇಕಾಗಿದ್ದ 4,00,000 ಡಾಲರುಗಳಲ್ಲಿ ಮೇರಿ ಹೆಮೆನ್‌ವೇ ಎಂಬ ಮಹಿಳೆಯೊಬ್ಬರೇ 1,00,000 ಕೊಟ್ಟರು. 1877ರಿಂದ ಅದು ವಸ್ತುಸಂಗ್ರಹಾಲಯ.

ಆದರೆ ಹಣ ಕೊಟ್ಟು ಸುಮ್ಮನಾಗುವ ಸ್ವಭಾವ ಆಕೆಯದಲ್ಲ. ಇತಿಹಾಸಕಾರ ಜಾನ್ ಫಿಸ್ಕ್ 1879ರಲ್ಲಿ ಅಲ್ಲಿ ಉಪನ್ಯಾಸಗಳನ್ನು ಕೊಟ್ಟ. ಅಮೆರಿಕದ ಇತಿಹಾಸವನ್ನು ಕುರಿತು ಪ್ರಬಂಧ ಬರೆದ ವಿದ್ಯಾರ್ಥಿಗಳಿಗೆ ಬಹುಮಾನಗಳು ಬಂದವು. 1883ರಲ್ಲಿ ಎಳೆಯರಿಗಾಗಿ ಬೇಸಗೆಯ ಉಪನ್ಯಾಸಮಾಲೆ ಆರಂಭವಾಯಿತು; ಎಡ್ವಿನ್ ಮೀಡ್ ಅದರ ಸೂತ್ರಧಾರ. ಈ ಉಪನ್ಯಾಸಗಳ ಜೊತೆಗೆ ಬಂದವು ಓಲ್ಡ್ ಸೌತ್ ಲೀಫ್‌ಲೆಟ್‌ಗಳೆಂಬ ಕಿರುಹೊತ್ತಗೆಗಳು. ಬೆಲೆ ಐದು ಸೆಂಟು. ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ವಾಷಿಂಗ್ಟನ್ನನ ಬೀಳ್ಕೊಡುಗೆಯ ಸಂದೇಶ ಮೊದಲಾದ ಮೂಲದಾಖಲೆಗಳೇ ಅವುಗಳಲ್ಲಿ ಇರುತ್ತಿದ್ದವು. ನನ್ನ ಮಟ್ಟಿಗೆ ಉಪನ್ಯಾಸಗಳಿಗಿಂತಲೂ ಹಿರಿದಾದ ಕೆಲಸ ಇದು. ಒಳ್ಳೆಯ ಮಾತುಗಾರ ಇತಿಹಾಸವನ್ನು ಬಲು ಬೇಗ ಪುರಾಣ ಮಾಡಿಬಿಡುತ್ತಾನೆ. ಕೇಳುವ ಹುಡುಗನ ಕೈಯಲ್ಲಿ ಮೂಲಪತ್ರವೇ ಇದ್ದರೆ ಮಾತುಗಾರನೂ ಸ್ವಲ್ಪ ಎಚ್ಚರದಿಂದಿರಬೇಕಾಗುತ್ತದೆ.

ಕ್ರಾಂತಿಯ ಕಥೆಗೆ ಆ ಎಚ್ಚರ ಬೇಕೇ ಬೇಕು. ಆಫ್ರಿಕದಿಂದ ಬಾಲ್ಯದಲ್ಲಿಯೇ ಕದ್ದು ತಂದು ಮಾರಲ್ಪಟ್ಟ ಫಿಲಿಸ್ ವೀಟ್ಲಿ ಎಂಬ ಕವಯಿತ್ರಿ 1771ರಲ್ಲಿ, ಇನ್ನೂ ಗುಲಾಮಳಾಗಿದ್ದಾಗಲೇ, ಓಲ್ಡ್ ಸೌತ್ ಸಭೆಯ ಸದಸ್ಯೆಯಾದಳು. ಆಕೆಯ ಕವನಸಂಗ್ರಹ ಅಚ್ಚಾದದ್ದು 1773ರಲ್ಲಿ, ಲಂಡನ್ನಿನಲ್ಲಿ. ಆ ವರ್ಷವೇ ಆಕೆಗೆ ಬಿಡುಗಡೆಯೂ ದೊರೆಯಿತು. ಪುಸ್ತಕದ ಪ್ರತಿಗಳು ಬಾಸ್ಟನ್ನಿಗೆ ಬಂದದ್ದು ಡಾರ್ಟ್‌ಮತ್ ಹಡಗಿನಲ್ಲಿ, ಸಮುದ್ರಕ್ಕೆ ಬೀಳಲಿದ್ದ ಚಹಾ ಪೆಟ್ಟಿಗೆಗಳ ಜೊತೆಯಲ್ಲಿ. ಚಹಾ ನೀರಿಗೆ ಬಿತ್ತು, ಪುಸ್ತಕಗಳು ಉಳಿದವು. ದೇಶ ಸ್ವತಂತ್ರವಾಯಿತು. ಆಕೆ ತನ್ನ ಎರಡನೆಯ ಸಂಗ್ರಹಕ್ಕೆ ಚಂದಾದಾರರನ್ನು ಹುಡುಕಿದಳು. ಸಾಕಷ್ಟು ಮಂದಿ ಸಿಗಲಿಲ್ಲ. 1784ರ ಡಿಸೆಂಬರಿನಲ್ಲಿ ಅದೇ ಬಾಸ್ಟನ್ನಿನಲ್ಲಿ ಬಡತನದಲ್ಲಿ ತೀರಿಕೊಂಡಳು.